ಮೊಲದ ಬಿಲಕ್ಕೆ ಕೈ ಹಾಕಿದ ಮೇಷ್ಟ್ರು

ನಮ್ಮ ಚಿಕ್ಕಪ್ಪ ಪ್ರಾಣಿಗಳ ವಾಸಸ್ಥಾನದ ಪಾಠ ಶುರುಮಾಡಿದ ಮೇಲೆ ಹುಲಿಕುಂಟೆ ಸುತ್ತಮುತ್ತಲ ಪ್ರಾಣಿಗಳೆಲ್ಲ ವಾಸಸ್ಥಾನ ಬದಲಾಯಿಸಿದವು ಎಂದು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ! ಎಪ್ಪತ್ತರ ದಶಕದ ಮಾತು. ಅಲ್ಲೇ ಹತ್ತಿರದ ಹಳ್ಳಿಯ ಶಾಲೆಗೆ ಅವರೊಬ್ಬರೇ ಮೇಷ್ಟ್ರು. ನಾನು ಅವರ ಮನೆಯಲ್ಲಿದ್ದು ಮೂರನೇ ಕ್ಲಾಸು ಓದುತ್ತಿದ್ದೆ. ಕೊರಟಗೆರೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಹುಟ್ಟಿ ಬೆಳೆದ ಚಿಕ್ಕಪ್ಪನಿಗೆ ಹತ್ತಿರದಿಂದ ಪರಿಚಯವಿದ್ದ ವನ್ಯಜೀವಿ ತಿಗಣೆ ಒಂದೇ. ಇಂಥವರು ವಾರಕ್ಕೆ ಮೂರು ದಿನ ಶಾಲೆಗೆ ಬೀಗ ಹಾಕಿ, ಕೊಡೆ, ಸೀಟಿ, ಹಾಜರಿ ಪುಸ್ತಕ ಹಿಡಿದು ನಮ್ಮನ್ನು ಗುಡ್ಡಕ್ಕೆ ಹೊರಡಿಸುತ್ತಿದ್ದರು. "ಸದ್ದು ಮಾಡಬೇಡ್ರೋ, ಪ್ರಾಣಿಗಳು ಓಡಿಹೋಗ್ತವೆ!" ಎನ್ನುವುದು, ಅದು ಹಿಂದಿನ ಸಾಲಿಗೂ ಮುಟ್ಟಲೆಂದು ಜೋರಾಗಿ ಸೀಟಿ ಊದುವುದು!

ಒಮ್ಮೆ ಹುತ್ತದ ಮುಂದೆ ನಿಂತು, "ಇದನ್ನು ಕಟ್ಟಿದ್ದು ಗೆದ್ದಲು. ಹಾವಲ್ಲ" ಎಂದರು. ಹಾಗೆನ್ನುತ್ತಲೇ ಚಪ್ಪಲಿ ಬಿಟ್ಟು ಕೈಮುಗಿದರು.

"ಗೆದ್ದಲಿಗ್ಯಾಕ್ ಸಾ ಕೈ ಮುಗೀತೀರ?" ಎಂದ ಒಬ್ಬ ಹುಡುಗ.

"ಗೆದ್ದಲಿಗಲ್ಲ ಕಣೋ, ಒಳಗೆ ಬಾಡಿಗೆಗಿರೋರಿಗೆ!"

ಇನ್ನೊಮ್ಮೆ ಕೆರೆ ಏರಿಯ ಕೆಳಗೆ ಒಂದು ತೂತು ತೋರಿಸಿ, "ಇದು ಮೊಲದ ಬಿಲ" ಎಂದು ಘೋಷಿಸಿದರು. ಪಕ್ಕದಲ್ಲೇ ಕುರಿ ಮೇಯಿಸುತ್ತಿದ್ದ ಜುಂಜಮ್ಮ ಕಿಸಕ್ಕನೆ ನಕ್ಕಳು. ಅವಳು ನಮ್ಮ ಕ್ಲಾಸಿನವಳೇ. ಕುರಿ ಕಾಯಲೆಂದು ಅವಳಪ್ಪ ಶಾಲೆ ಬಿಡಿಸಿದ್ದ.

"ನಮ್ಮ ಕಡೆ ಮೊಲ ಬಿಲ ತೋಡಾಕಿಲ್ಲ ಸಾ, ಪೊದೆ ಬುಡದಾಗೆ ಮಲಿಕ್ಕಂತದೆ."

"ಪುಸ್ತಕದಲ್ಲಿ ಚಿತ್ರ ಇದೆ!" ಎಂದು ಚಿಕ್ಕಪ್ಪ ತೂತಿಗೆ ಕೈ ಹಾಕಿಯೇಬಿಟ್ಟರು. ಕೈ ಹೊರಗೆ ಬಂದಾಗ ಬೆರಳಿಗೆ ಏಡಿ ನೇತಾಡುತ್ತಿತ್ತು! ಅದನ್ನು ಬಿಡಿಸಿದವಳೂ ಜುಂಜಮ್ಮನೇ. ಬೆರಳಿಗೆ ಬಟ್ಟೆ ಸುತ್ತಿಕೊಂಡ ಮೇಷ್ಟ್ರು ಮೊಲದ ಪಾಠ ಅವಳ ಕೈಲೇ ಹೇಳಿಸಿ, ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರು. ಮೇಷ್ಟ್ರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ನಾವು ಊರಿಗೆಲ್ಲ ಡಂಗುರ ಹೊಡೆದೆವು.

ಊರಿನವರು ಸುಮ್ಮನಿರುತ್ತಾರೆಯೇ? "ಪಾಠ ಮಾಡಾಕಿಲ್ಲ, ಐಕ್ಳನ್ನ ಬಿಸಿಲಾಗೆ ಮೇಯಿಸ್ಕೊಂಡು ಬತ್ತಾರೆ" ಎಂದು ಶಿರಾಕ್ಕೆ ದೂರು ಹೋಯಿತು. ಶಾಲೆ ಇನ್ಸ್‌ಪೆಕ್ಟರು ಬಂದರು, ಬೀಗ ನೋಡಿದರು, ಬೆವರು ಒರೆಸಿಕೊಳ್ಳುತ್ತಾ ಗುಡ್ಡ ಹತ್ತಿದರು. ಚಿಕ್ಕಪ್ಪನ ಕೆಲಸ ಹೋದಂತೆಯೇ ಎಂದುಕೊಂಡೆವು.

"ಏನ್ರೀ, ವಾರದಲ್ಲಿ ಮೂರು ದಿನ ಪ್ರವಾಸ? ಅದೂ ಒಂದು ದಿನ ಏರಿ, ಒಂದು ದಿನ ಹಳ್ಳ, ಒಂದು ದಿನ ಗುಡ್ಡ! ಯಾವ ಲೆಕ್ಕದಲ್ಲಿ ಹೋಗ್ತೀರಿ?"

ಚಿಕ್ಕಪ್ಪ ತಡವರಿಸಿದರು. "ಹುಲ್ಲು ಎಲ್ಲಿದೆಯೋ ಅಲ್ಲಿಗೆ ಸಾರ್."

"ಹುಲ್ಲು ನಿಮಗ್ಯಾಕ್ರೀ?"

"ಕುರಿ ಅಲ್ಲಿಗೆ ಬರ್ತವೆ ಸಾರ್." ಚಿಕ್ಕಪ್ಪ ಹಿಂಡಿನ ನಡುವೆ ಕೂತಿದ್ದ ಜುಂಜಮ್ಮನ ಕಡೆ ಕೈ ತೋರಿಸಿದರು. " ಈ ಹುಡುಗಿ ಶಾಲೆಗೆ ಬರೋಕಾಗಲ್ಲ. ಅದಕ್ಕೇ ನಾವು ಬರ್ತೀವಿ."

ಊರಿಗೆಲ್ಲ ಡಂಗುರ ಹೊಡೆದಿದ್ದ ನನಗೆ ತಲೆ ಎತ್ತಲಾಗಲಿಲ್ಲ. ಇನ್ಸ್‌ಪೆಕ್ಟರು ಬಂಡೆಯ ಮೇಲೆ ಕೂತು ಹಾಜರಿ ಪುಸ್ತಕ ತೆಗೆದುಕೊಂಡರು. ತಾವೇ ಒಂದೊಂದಾಗಿ ಹೆಸರು ಕೂಗಿದರು. ಜುಂಜಮ್ಮನ ಹೆಸರು ಬಂದಾಗ ಅವಳು ಕುರಿ ಹಿಂಡಿನ ನಡುವೆ ಎದ್ದು ನಿಂತು, ಕೋಲು ಕೆಳಗಿಟ್ಟು, "ಹಾಜರ್ ಸಾ" ಎಂದಳು.