ಸಂಸ್ಥಾಪಕರಿಗೊಂದು ಸ್ಟೂಲು

ಚಿತ್ರ ಬರೆಯಲು ಬಾರದವರಿಗೇ ಚಿತ್ರಕಲೆಯ ಮೇಲೆ ಮೋಹ ಹೆಚ್ಚು. ಬರೆಯಬಲ್ಲವರು ಕುಂಚ ತೊಳೆದಿಟ್ಟು ಊಟಕ್ಕೆ ಏಳುತ್ತಾರೆ. ನಮ್ಮಂಥವರು ಕನಸು ಕಾಣುತ್ತ ಕೂರುತ್ತೇವೆ. ಯುದ್ಧ ನಡೆಯುತ್ತಿದ್ದ ನಲವತ್ತರ ದಶಕದಲ್ಲಿ ನಾನು ಇಂಗ್ಲಿಷರ ದಂಡು ಪ್ರದೇಶದಲ್ಲಿ, ಸೈನ್ಯದ ಉಗ್ರಾಣದಲ್ಲಿ ಗುಮಾಸ್ತ. ರಟ್ಟು ಕಳಚಿದ ಒಂದು ಹಳೆಯ ಇಂಗ್ಲಿಷ್ ಪುಸ್ತಕ ನನ್ನ ತಲೆ ಕೆಡಿಸಿತು. ಬಡಗಿ ಕಮ್ಮಾರರ ಜೊತೆ ಕಸುಬುದಾರರ ಸಾಲಿನಲ್ಲಿ ನಿಂತು ಸಾಕಾದ ಚಿತ್ರಕಾರರು ದೊರೆಯ ಬಳಿ ಹೋದರಂತೆ, ದೊರೆ ರುಜು ಹಾಕಿದನಂತೆ, ಹಾಗೆ ಪ್ಯಾರಿಸ್ಸಿನಲ್ಲೊಂದು, ಆಮೇಲೆ ಲಂಡನ್ನಿನಲ್ಲೊಂದು ರಾಜ ಅಕಾಡೆಮಿ ಹುಟ್ಟಿತಂತೆ. ನಾವಿದ್ದ ಹಲಸೂರಿನಲ್ಲಿ ಏಕಾಗಬಾರದು? ನಮ್ಮ ಮನೆಗೆ ಜಗುಲಿಯಿತ್ತು.

ಕಲಾವಿದರೂ ಇಬ್ಬರು ಸಿಕ್ಕರು. ಮರ್ಫಿ ಟೌನಿನಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವ ಮುನಿಸ್ವಾಮಿ, ಫೋಟೋಗಳಿಗೆ ಬಣ್ಣ ತುಂಬುವ ರಹೀಮ್ ಸಾಹೇಬರು. ತೊಡಕಾದದ್ದು ದೊರೆಯ ವಿಷಯ. ಪೇಟೆ ಮೈಸೂರಿನ ಮಹಾರಾಜರದು, ದಂಡು ಇಂಗ್ಲಿಷರ ದೊರೆಯದು. ನನ್ನ ಜಗುಲಿಗೆ ಯಾರ ರುಜು?

"ಇಬ್ರಿಗೂ ಅರ್ಜಿ ಹಾಕಿ, ಇಬ್ರ ಹತ್ರಾನೂ ಬೈಸ್ಕೊಳ್ಳಿ," ಎಂದಳು ನನ್ನಾಕೆ.

ನಿಯಮಗಳನ್ನು ನಾನೇ ಬರೆದೆ. ಎಡವಿದ್ದು ಅಲ್ಲೇ. ಪ್ಯಾರಿಸ್ಸಿನವರ ಹಾಗೆ, ಕೈಯಾರೆ ಬರೆದ ಒಂದು ಚಿತ್ರ ಒಪ್ಪಿಸಿ ಉಳಿದವರ ಮೆಚ್ಚುಗೆ ಪಡೆಯದವನಿಗೆ ಸದಸ್ಯತ್ವವಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಅವರಿಬ್ಬರೂ ಒಂದೇ ದಿನದಲ್ಲಿ ಸದಸ್ಯರಾದರು. ನಾನು ಮೂರು ಭಾನುವಾರ ಕೂತು ಮನೆಯ ಬಿಂದಿಗೆಯನ್ನು ಬರೆದೆ. ಮುನಿಸ್ವಾಮಿ ಕತ್ತು ಓರೆ ಮಾಡಿ ನೋಡಿದ.

"ಕೋಳಿ ಚೆನ್ನಾಗೈತೆ ಸಾರ್. ಕಾಲೆಲ್ಲಿ?"

"ಬಿಂದಿಗೆ ಕಣಯ್ಯಾ!"

"ಹಂಗಾದ್ರೆ ಕಷ್ಟ ಸಾರ್. ರೂಲು ನೀವೇ ಬರ್ದಿರೋದು."

ರಹೀಮ್ ಸಾಹೇಬರು ಪಾಪ, ನೆಲ ನೋಡುತ್ತ, "ಮಾಫ್ ಮಾಡಿ ಸಾಬ್," ಎಂದರು. ನನಗೆ ನಿಜಕ್ಕೂ ಅಳು ಬಂತು. ನಾನೇ ಕಟ್ಟಿದ ಅಕಾಡೆಮಿಯಲ್ಲಿ ಸದಸ್ಯ ಎನ್ನಿಸಿಕೊಳ್ಳಬೇಕೆಂಬುದೊಂದೇ ನನ್ನ ಆಸೆಯಾಗಿತ್ತು.

ಅಕಾಡೆಮಿಯೆಂದ ಮೇಲೆ ಎದುರಿಗೆ ಮನುಷ್ಯನನ್ನು ಕೂರಿಸಿಕೊಂಡು ಬರೆಯಬೇಕು. ಚಿತ್ರ ಬರೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆಂದು ಬೀದಿಯಲ್ಲಿ ಒಬ್ಬರೂ ಒಪ್ಪಲಿಲ್ಲ. ಕೊನೆಗೆ ಸ್ಟೂಲಿನ ಮೇಲೆ ನಾನೇ ಕೂತೆ. ಭಾನುವಾರದ ಮಧ್ಯಾಹ್ನ, ಕೆರೆಯ ಕಡೆಯಿಂದ ಬರುವ ಗಾಳಿ, ದೂರದಲ್ಲೊಂದು ಜಟಕಾದ ಸದ್ದು, ಗೋಡೆಯ ಮೇಲೆ ಮೆಲ್ಲಗೆ ಸರಿಯುವ ಬಿಸಿಲು. ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕನಸಿನಲ್ಲಿ ಇಬ್ಬರು ದೊರೆಗಳೂ ಜಗುಲಿಗೆ ಬಂದು, ಮೊದಲು ನೀವು, ಇಲ್ಲ ಮೊದಲು ನೀವು ಎಂದು ಲೇಖನಿಯನ್ನು ಒಬ್ಬರಿಗೊಬ್ಬರು ಕೊಡುತ್ತಿದ್ದರು. ಇನ್ನೇನು ರುಜು ಬೀಳಬೇಕು, ಅಷ್ಟರಲ್ಲಿ ಮುನಿಸ್ವಾಮಿಯ ದನಿ: "ಬಾಯಿ ಮುಚ್ಕೊಳ್ಳಿ ಸಾರ್, ಬರೆಯಕ್ಕಾಗ್ತಿಲ್ಲ."

ಕೆಲವು ತಿಂಗಳಲ್ಲಿ ಗೋಡೆಯ ತುಂಬ ನಾನೇ ತೂಕಡಿಸುತ್ತಿದ್ದೆ. ಸಮಾಧಾನಕ್ಕೆಂದು ಪುಸ್ತಕ ತಿರುವಿದಾಗ ಒಂದು ಸಂಗತಿ ಸಿಕ್ಕಿತು. ಲಂಡನ್ನಿನ ಅಕಾಡೆಮಿಯ ಮೊದಲ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರಂತೆ. ಬಟ್ಟೆ ಬಿಚ್ಚಿದ ಗಂಡಸರನ್ನು ಕೂರಿಸಿ ಬರೆಯುವ ಕೋಣೆಗೆ ಹೆಂಗಸರು ಬರಬಾರದೆಂದು, ಸದಸ್ಯರೆಲ್ಲ ಸೇರಿದ ಚಿತ್ರದಲ್ಲಿ ಅವರನ್ನು ಗೋಡೆಯ ಮೇಲಿನ ಪಟಗಳಾಗಿ ತೋರಿಸಿದ್ದರಂತೆ. ನಾನು ಹಿಗ್ಗಿ ಅಡುಗೆಮನೆಗೆ ಓಡಿದೆ.

"ನೋಡೇ, ಥೇಟ್ ನನ್ನ ಹಾಗೆ!"

ಅವಳು ಪೂರ್ತಿ ಓದಿಸಿಕೊಂಡು ಕೇಳಿದಳು. "ಪಾಪ. ಆದ್ರೂ ಅವ್ರು ಸದಸ್ಯರಾಗಿದ್ರಲ್ಲ ರೀ?"

ಪುಸ್ತಕ ಮುಚ್ಚಿಟ್ಟೆ. ಮುಂದಿನ ಭಾನುವಾರ ಮುನಿಸ್ವಾಮಿ ಬರುವುದಕ್ಕೆ ಮೊದಲೇ ಹೋಗಿ ಸ್ಟೂಲಿನ ಮೇಲೆ ಕೂತು, ಬಾಯಿ ಮುಚ್ಚಿಕೊಂಡು ಕಾದೆ.