ಮಾವನಲ್ಲದ ತಿರುವಿನ ಗೇಟು

ಶೋಭಾರಾಣಿ: ಚರಂಡಿ ಮುಚ್ಚಬ್ಯಾಡಿ ಅಂದೆ, ಕೇಳುದ್ರಾ? ಈಗ ಎಂಜಿನಿಯರಮ್ಮ ಅದ್ರ ಮೇಲೇ ನಿಂತವ್ರೆ.

ಮಹದೇವಸ್ವಾಮಿ: ಮುಚ್ಚಿಲ್ಲ ಕಣಮ್ಮಿ. ಮಣ್ಣು ಹಾಕಿವ್ನಿ ಅಷ್ಟೇಯ.

ಶೋಭಾರಾಣಿ: ಎರಡಕ್ಕೂ ಏನ್ರೀ ವ್ಯತ್ಯಾಸ?

ಮಹದೇವಸ್ವಾಮಿ: ಮುಚ್ಚುದ್ರೆ ತಪ್ಪು. ಮಣ್ಣು ಹಾಕುದ್ರೆ ದಾರಿ.

ಕಾಡಂಚಿನ ಮಸಿನಗುಡಿಯಿಂದ ಮಾವನಲ್ಲ ಎಂಬ ಊರಿಗೆ ಹೋಗುವ ರಸ್ತೆಯ ತಿರುವಿನಲ್ಲೇ, ಹೆಂಡತಿ ಶೋಭಾರಾಣಿಯ ಜೊತೆ ನಡೆಸಲೆಂದು ಮಹದೇವಸ್ವಾಮಿ ಟೀ ಹೋಟೆಲು ಕಟ್ಟಿದ್ದ. ಶುಕ್ರವಾರ ಆರಂಭದ ಪೂಜೆ ಎಂದು ನೆಂಟರಿಗೆಲ್ಲ ಹೇಳಿಯೂ ಆಗಿತ್ತು. ಗಾಡಿಗಳು ರಸ್ತೆಯಿಂದ ಅಂಗಳಕ್ಕಿಳಿಯುವ ದಾರಿಗೆ ಅನುಮತಿ ಕೇಳುವುದೊಂದು ಮರೆತುಹೋಗಿತ್ತು. ಇಂಥವನ್ನು ಮರೆಯುವುದರಲ್ಲಿ ತನ್ನದು ಪಳಗಿದ ಕೈ ಎಂದು ಅವನೇ ಒಪ್ಪಿಕೊಳ್ಳುತ್ತಿದ್ದ. ಈಗ ರಸ್ತೆ ಇಲಾಖೆಯ ಎಂಜಿನಿಯರ್ ತೇನ್ಮೊಳಿ ಜಾಗ ನೋಡಲು ಬಂದಿದ್ದರು.

ತೇನ್ಮೊಳಿ: ಚರಂಡಿಗೆ ಪೈಪ್ ಹಾಕ್ಬೇಕು ಸಾರ್. ಇಲ್ಲಾಂದ್ರೆ ಮಳೆನೀರೆಲ್ಲಾ ರೋಡಿಗೆ ಬರುತ್ತೆ.

ಮಹದೇವಸ್ವಾಮಿ: ಹಾಕುಸ್ತೀನಿ ಮೇಡಂ.

ತೇನ್ಮೊಳಿ: ಆದ್ರೆ ಗೇಟು ಇಲ್ಲಿ ಆಗಲ್ಲ. ತಿರುವಿನಾಚೆ ಬರೋ ಗಾಡಿ ಕಾಣ್ಸೋದೇ ಇಲ್ವಲ್ಲಾ?

ಮಹದೇವಸ್ವಾಮಿ: ಯಾವ ಗಾಡಿ ಮೇಡಂ? ಈ ರೋಡಲ್ಲಿ ಗಾಡಿನೇ ಬರಾಕಿಲ್ಲ.

ತೇನ್ಮೊಳಿ: ಹಾಗಾದ್ರೆ ಹೋಟೆಲ್ ಯಾರಿಗೆ ಸಾರ್?

ಕಟ್ಟುವ ಮೊದಲು ಈ ಪ್ರಶ್ನೆ ಮಹದೇವಸ್ವಾಮಿಗೆ ಹೊಳೆದಿರಲಿಲ್ಲ.

ಮಹದೇವಸ್ವಾಮಿ: ಬತ್ತವೆ ಅನ್ನಿ... ನಿಧಾನಕ್ಕೆ ಬತ್ತವೆ. ಸದ್ದು ಕೇಳೇ ಯಾವ ಗಾಡಿ ಅಂತ ಹೇಳ್ಬುಡ್ತೀನಿ.

ಶೋಭಾರಾಣಿ: ನಾನು ಪಕ್ಕದಲ್ಲಿ ನಿಂತು ಕೂಗುದ್ರೆ ಕೇಳಾಕಿಲ್ಲ ಮೇಡಂ ಇವ್ರಿಗೆ!

ಮಹದೇವಸ್ವಾಮಿ: ಅದು ಬೇರೆ ಕಿವಿ ಕಣಮ್ಮಿ. ಮೇಡಂ, ಬೇಕಾದ್ರೆ ಇವಳನ್ನ ರೋಡಲ್ಲಿ ನಿಲ್ಲುಸ್ತೀನಿ. ಕೈ ತೋರುಸ್ತಾಳೆ.

ಶೋಭಾರಾಣಿ: ಬೋಂಡ ಯಾರು ಕರೀತಾರೆ? ಆನೆಯಾ?

ಮಾತಿನಲ್ಲಿ ಗೆಲ್ಲುವುದಿಲ್ಲವೆಂದು ತಿಳಿದ ಮಹದೇವಸ್ವಾಮಿ, ಮಾಡಿಯೇ ತೋರಿಸುತ್ತೇನೆಂದು ಅಂಗಳದಲ್ಲಿದ್ದ ತನ್ನ ಹಳೆಯ ಜೀಪು ಹತ್ತಿದ. ಹಾರನ್ ಒತ್ತುತ್ತಾ, ಕಿವಿ ಚುರುಕು ಮಾಡಿಕೊಂಡು ಜೀಪಿನ ಮೂತಿಯನ್ನು ರಸ್ತೆಗೆ ಚಾಚಿದ. ತಿರುವಿನಿಂದ ಬಂದ ಬಸ್ಸು ಕಿರ್ರೆಂದು ಕಿರುಚಿ ಗೇಣಿನ ಅಂತರದಲ್ಲಿ ನಿಂತಿತು. ಜೀಪೂ ಆಫಾಯಿತು. ಡ್ರೈವರ್ ಕಣ್ಣನ್ ಇಳಿದು ಬಂದ.

ಕಣ್ಣನ್: ಎನ್ನ ಅಣ್ಣಾ ಇದು! ಏನಣ್ಣಾ ಇದು! ಅಷ್ಟು ಹಾರನ್ ಹೊಡ್ದೆ, ಕೇಳ್ಲಿಲ್ವಾ?

ಮಹದೇವಸ್ವಾಮಿ: ಕೇಳ್ತು ಕಣಪ್ಪಾ. ನಂದೇ ಅನ್ಕಂಡೆ.

ಜೀಪು ಎಷ್ಟು ತಿಪ್ಪರಲಾಗ ಹಾಕಿದರೂ ಸ್ಟಾರ್ಟ್ ಆಗಲಿಲ್ಲ. ಕಾದು ಬೇಸತ್ತ ಪ್ರಯಾಣಿಕರು ಇಳಿದು ಟೀ ಕೇಳಿದರು. ಶೋಭಾರಾಣಿ ಒಲೆ ಹಚ್ಚಿದಳು. ಮಹದೇವಸ್ವಾಮಿಯ ಮುಖ ಅರಳಿತು.

ಮಹದೇವಸ್ವಾಮಿ: ನೋಡುದ್ರಾ ಮೇಡಂ, ಯಾಪಾರ!

ತೇನ್ಮೊಳಿ: ರೋಡಿಗೆ ಅಡ್ಡ ಗಾಡಿ ನಿಲ್ಸಿದ್ರೆ ಸುಡುಗಾಡಲ್ಲೂ ವ್ಯಾಪಾರ ಆಗುತ್ತೆ ಸಾರ್.

ಅಷ್ಟರಲ್ಲಿ ಮುದುಕಿ ಸಿದ್ದಾಜಮ್ಮ ಬಸ್ಸಿನಿಂದ ಇಳಿದಳು. ಮುಂದಿನ ಸೀಟಿಗೆ ಬಡಿದು ಹಣೆಯಲ್ಲಿ ಬುಗುಟೆ ಎದ್ದಿತ್ತು.

ಸಿದ್ದಾಜಮ್ಮ: ಮಗಾ, ಸತ್ತೇಹೋದೆ ಅನ್ಕಂಡಿದ್ದೆ ಕನಪ್ಪ.

ಮಹದೇವಸ್ವಾಮಿ ಅವಳನ್ನು ಕೂರಿಸಿ ತಾನೇ ಟೀ ತಂದುಕೊಟ್ಟ. ಅವಳು ಟೀ ಕುಡಿಯದೆ, ಬಿಸಿ ಲೋಟವನ್ನು ಹಣೆಯ ಬುಗುಟೆಗೆ ಒತ್ತಿಕೊಂಡಳು.

ಮಹದೇವಸ್ವಾಮಿ: ಪೂಜೆ ಮುಂದಕ್ಕೋಗ್ಲಿ ಮೇಡಂ. ನಾನು ಕಟ್ಟಿರೋದು ಹೋಟ್ಲಲ್ಲ, ಬೋನು. ಗೇಟು ಎಲ್ಲಿಡ್ಲಿ, ನೀವೇ ಹೇಳಿ.

ತೇನ್ಮೊಳಿ ರಸ್ತೆಬದಿಯ ಇಳಿಜಾರಿನುದ್ದಕ್ಕೂ ನಡೆದು, ಅಲ್ಲಲ್ಲಿ ನಿಂತು ಎಡಕ್ಕೂ ಬಲಕ್ಕೂ ನೋಡಿ, ಕೊನೆಗೆ ಒಂದು ಕಡೆ ಕೈ ತೋರಿಸಿದರು.

ಮಹದೇವಸ್ವಾಮಿ: ಅಯ್ಯೋ, ಅದು ನಮ್ ಹೊಸ ಕಕ್ಕಸು ಮೇಡಂ!

ತೇನ್ಮೊಳಿ: ಏನ್ ಮಾಡೋದು ಸಾರ್? ರೋಡಿನ ಎರಡು ಕಡೆಗೂ ಚೆನ್ನಾಗಿ ಕಾಣೋ ಜಾಗ ಅದೊಂದೇ.

ಶೋಭಾರಾಣಿ: ಅದ್ಕೇ ಮೇಡಂ, ಅದುಕ್ಕೊಂದು ಬಾಗ್ಲು ಹಾಕ್ಸಿ ಅಂತ ಬಡ್ಕತಾ ಇರದು ನಾನು!