ಮೊಮ್ಮಗಳ ಮೌನಕ್ಕೆ ನಾನು ಕಾವಲಿದ್ದದ್ದು

ನಮ್ಮ ಕಡೆ ಸುಮ್ಮನೆ ಕೂತವರನ್ನು ಕಂಡರೆ ಯಾರಿಗೂ ಸಮಾಧಾನವಿಲ್ಲ. ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ಕಿಟಕಿ ಪಕ್ಕ ಬಾಯಿ ಮುಚ್ಚಿಕೊಂಡು ಕೂತು ನೋಡಿ. ತೆರಕಣಾಂಬಿ ಬರುವಷ್ಟರಲ್ಲಿ ಪಕ್ಕದ ಸೀಟಿನವಳು "ಯಾಕವ್ವ, ಮನೇಲೇನಾರ ಆಯ್ತಾ?" ಎಂದು ಕೇಳಿರುತ್ತಾಳೆ. ಚಾಮರಾಜನಗರದಲ್ಲಿ ಇಳಿಯುವ ಹೊತ್ತಿಗೆ ನಿಮ್ಮ ಮಂಡಿನೋವು, ನಿಮ್ಮ ಸೊಸೆಯ ತವರು, ನಿಮ್ಮ ಬೋರ್‌ವೆಲ್ಲಿನ ನೀರಿನ ರುಚಿ ಎಲ್ಲವೂ ಅವಳ ಬಾಯಲ್ಲಿರುತ್ತದೆ. ನಾನು ಇದನ್ನು ತಪ್ಪೆನ್ನುವುದಿಲ್ಲ. ಎಷ್ಟೋ ಸಲ ಆ ಪಕ್ಕದ ಸೀಟಿನವಳು ನಾನೇ. ದೇವರು ಬಾಯಿ ಕೊಟ್ಟಿದ್ದು ಬೀಗ ಹಾಕಿಡುವುದಕ್ಕಲ್ಲ ಎಂದು ನಂಬಿ ಇಷ್ಟು ವರ್ಷ ಬದುಕಿದ್ದೇನೆ. ಇಂಥವಳನ್ನು ಕರೆದು, ಒಂದು ಮೌನಕ್ಕೆ ಕಾವಲು ನಿಲ್ಲು ಎಂದವಳು ನನ್ನ ಮೊಮ್ಮಗಳು ಪವಿತ್ರ. ಓದಿದ ಹುಡುಗಿಯರ ಬುದ್ಧಿಯೇ ಹೀಗೆ.

ಪವಿತ್ರ ನನ್ನ ಮಗನ ಮಗಳು. ಹಗಲು ಚಾಮರಾಜನಗರದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಸಂಜೆ ಗುಂಡ್ಲುಪೇಟೆಗೆ ಬಂದು ನಮ್ಮ ಹಿತ್ತಲಿನ ಅರಿಸಿನದ ಕೊಠಡಿಯಲ್ಲಿ ಡ್ರಮ್ ಬಾರಿಸುತ್ತಾಳೆ. ಎರಡರಲ್ಲಿ ಯಾವುದು ದುಡಿಮೆ, ಯಾವುದು ವಿಶ್ರಾಂತಿ ಎಂದು ನಾನು ಕೇಳಲು ಹೋಗಿಲ್ಲ. ಜೊತೆಗೆ ಮೂವರು ಹುಡುಗರು. ಗಿಟಾರಿಗೆ ಹಂಗಳದ ಮಂಜ. ಅವನ ಜಡೆ ನನ್ನ ಜಡೆಗಿಂತ ದಪ್ಪ, ಎಣ್ಣೆ ಮಾತ್ರ ಕಂಡಿಲ್ಲ. ಕೀಬೋರ್ಡಿಗೆ ಒಬ್ಬ ಮಲಯಾಳಿ. ಇನ್ನೊಬ್ಬ ಹಾಡುವವನು. ಹಾಡುವವನು ಎನ್ನುವುದು ಅವರ ಮಾತು. ನನ್ನ ಕಿವಿಗೆ ಅವನು ಹೊಲಕ್ಕೆ ನುಗ್ಗಿದ ಕಾಡುಹಂದಿಯನ್ನು ಓಡಿಸುತ್ತಿರುವಂತೆ ಕೇಳುತ್ತದೆ. ಅರಿಸಿನ ತುಂಬಿಡುತ್ತಿದ್ದ ಕೊಠಡಿಯಾದ್ದರಿಂದ ಇವಳ ಒಂದೊಂದು ಏಟಿಗೂ ಗೋಡೆಯ ಸಂದಿನಿಂದ ಹಳದಿ ಧೂಳು ಏಳುತ್ತದೆ. ಪ್ರಾಕ್ಟೀಸ್ ಮುಗಿಸಿ ಹೊರಗೆ ಬಂದರೆ ನಾಲ್ವರೂ ಅರಿಸಿನೆಣ್ಣೆ ಶಾಸ್ತ್ರ ಮುಗಿಸಿದ ಮದುಮಕ್ಕಳು. ನಮ್ಮ ಬೀದಿಗೆ ಹೊಸದಾಗಿ ಬಂದ ಮೇಷ್ಟರ ಹೆಂಡತಿ ಒಮ್ಮೆ ನೋಡಿ, ಯಾರಿಗೆ ಯಾರು ಎಂದು ಕೇಳಿಯೇಬಿಟ್ಟಳು.

ಇವರ ಸಂಗೀತಕ್ಕೆ ಪ್ರೋಗ್ರೆಸಿವ್ ಮೆಟಲ್ ಎಂದು ಹೆಸರಂತೆ. ನನಗೆ ಹೆಸರಿನ ಮೇಲೆ ತಕರಾರಿಲ್ಲ, ತಾಳದ ಮೇಲೆ ಇತ್ತು.

"ಅದೇನಮ್ಮಿ ಅದು, ತಾಳ ನೆಟ್ಟಗೆ ನಡೆಯಾಕಿಲ್ವಾ?" ಎಂದು ಒಂದು ದಿನ ಕೇಳಿದೆ.

"ನೆಟ್ಟಗೆ ನಡೀಬಾರ್ದು ಕಣಜ್ಜಿ. ಏಳ್ರಲ್ಲಿ ಓಯ್ತದೆ, ಆಮೇಕೆ ಐದ್ರಲ್ಲಿ ಓಯ್ತದೆ, ತಿರ್‍ಗ ಏಳಕ್ಕೆ ಬತ್ತದೆ."

"ನಮ್ಮ ಕುಂಟೆಮ್ಮೆನೂ ಇಂಗೇ ಓಯ್ತಿತ್ತು. ನಿಮ್ಮ ತಾತ ಅದ್ನ ತೆರಕಣಾಂಬಿ ಸಂತೇಲಿ ಮಾರ್ಬುಟ್ರು."

ಅವಳು ನಕ್ಕಳು. ಮಂಜ ಮಾತ್ರ ಆ ಎಮ್ಮೆ ಯಾವ ಕಾಲು ಎಳೆಯುತ್ತಿತ್ತು ಎಂದು ಗಂಭೀರವಾಗಿ ಕೇಳಿದ. ಇಂಥವರ ಜೊತೆ ಏನು ಮಾತಾಡುವುದು?

ಈ ಸಲ ಅವರು ಹಿಡಿದಿದ್ದು ತಮ್ಮ ಹಾಡುಗಳನ್ನಲ್ಲ. ಇವರ ಅಪ್ಪಂದಿರು ಚಡ್ಡಿ ಹಾಕಲು ಕಲಿಯುವ ಮುಂಚೆ ಯಾವುದೋ ದೇಶದ ಗಂಡಸರು ಮಾಡಿದ ಒಂದು ರಾಕ್ ಆಲ್ಬಮ್ಮು. ಅದನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಅದೇ ಸಾಲಿನಲ್ಲಿ, ನಡುವೆ ನಿಲ್ಲಿಸದೆ, ತಮ್ಮ ಕುಂಟು ತಾಳದಲ್ಲಿ ಜನರ ಮುಂದೆ ನುಡಿಸುವುದು. ಹಳೆಯದನ್ನು ಪವಿತ್ರ ಫೋನಿನಲ್ಲಿ ಹಾಕಿ ಕೇಳಿಸಿದಳು. ಪರವಾಗಿಲ್ಲ, ಅವರೆಕಾಯಿ ಸುಲಿಯುತ್ತಾ ಕೇಳಬಹುದು. "ಯಾರೋ ಮಾಡಿದ್ದ ನೀವ್ಯಾಕಮ್ಮಿ ಒತ್ಕಂಡು ತಿರುಗ್ತೀರಿ? ಸ್ವಂತದ್ದು ಇಲ್ವಾ?" ಎಂದೆ. "ನೀನು ಮದ್ವೇಲಿ ಆಡೂದೆಲ್ಲ ನಿನ್ ಸ್ವಂತದ್ದಾ?" ಎಂದಳು. ಸುತ್ತಮುತ್ತ ಯಾವ ಮದುವೆಯಾದರೂ ಸೋಬಾನೆ ಹಾಡಲು ನನ್ನನ್ನೇ ಕರೆಯುತ್ತಾರೆ, ಮತ್ತು ನಾನು ಹಾಡುವ ಒಂದು ಪದವೂ ನಾನು ಕಟ್ಟಿದ್ದಲ್ಲ. ಆದ್ದರಿಂದ ಅವಳನ್ನು ಹಸುವಿಗೆ ನೀರಿಡಲು ಕಳಿಸಿದೆ.

ಗಂಡಾಂತರ ಇದ್ದದ್ದು ಆಲ್ಬಮ್ಮಿನ ನಟ್ಟನಡುವೆ. ಅಲ್ಲಿ ಮೂಲದವರು ಒಂದು ಉಸಿರು ನಿಂತು ಮುಂದಕ್ಕೆ ಹೋಗುತ್ತಾರೆ. ನನ್ನ ಮೊಮ್ಮಗಳು ಆ ಉಸಿರನ್ನು ಎಳೆದೆಳೆದು, ಒಂದು ಪಂಕ್ತಿಗೆ ಪಲ್ಯ ಬಡಿಸುವಷ್ಟು ಉದ್ದ ಮಾಡಿದ್ದಳು. ಎಲ್ಲಕ್ಕಿಂತ ದೊಡ್ಡ ಗದ್ದಲ ಎಬ್ಬಿಸಿ ನಾಲ್ವರೂ ಒಟ್ಟಿಗೆ ಗಕ್ಕನೆ ನಿಲ್ಲುವುದು, ಮನಸ್ಸಿನಲ್ಲೇ ತಾಳ ಎಣಿಸುವುದು, ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಏಟಿಗೆ ಬಂದು ಬೀಳುವುದು. ಅದು ಅವಳದೇ ಯೋಚನೆ, ಅವಳ ಜೀವ. ಹೋದ ಸಲ ಒಂದು ಕಾಲೇಜಿನ ಸಮಾರಂಭದಲ್ಲಿ ಇದನ್ನು ಮಾಡಲು ಹೋದಾಗ ಜನ ಮುಗಿಯಿತೆಂದು ಚಪ್ಪಾಳೆ ತಟ್ಟಿದರು, ಕೆಲವರು ಕರೆಂಟು ಹೋಯಿತೆಂದು ಶಿಳ್ಳೆ ಹಾಕಿದರು, ನಿರೂಪಣೆಯ ಹುಡುಗಿ ಮೈಕು ಹಿಡಿದು ವಂದನಾರ್ಪಣೆಗೇ ಬಂದುಬಿಟ್ಟಳು. ಎಣಿಕೆ ತಪ್ಪಿ ನಾಲ್ವರೂ ನಾಲ್ಕು ಕಡೆಯಿಂದ ನುಗ್ಗಿದರು. ಉಳಿದರ್ಧ ಆಲ್ಬಮ್ಮು ಎತ್ತು ಬೆದರಿದ ಗಾಡಿಯಂತೆ ಓಡಿತು. ಅವತ್ತು ಮನೆಗೆ ಬಂದ ಪವಿತ್ರ ಡ್ರಮ್ಮಿಗೆ ಗೋಣಿಚೀಲ ಮುಚ್ಚಿದವಳು ಮಳೆ ಹಿಡಿದು ಬಿಡುವವರೆಗೂ ತೆಗೆಯಲಿಲ್ಲ.

ಈಗ ಚಾಮರಾಜನಗರದ ಒಂದು ಕಲ್ಯಾಣ ಮಂಟಪದಲ್ಲಿ ಭಾನುವಾರ ಮಧ್ಯಾಹ್ನ ಇನ್ನೊಂದು ಅವಕಾಶ ಸಿಕ್ಕಿತ್ತು. ಮೈಸೂರಿನ ಒಂದು ಸಭಾಂಗಣದವರು ನೋಡಲು ಬರುತ್ತಿದ್ದರು. ಹಿಡಿಸಿದರೆ ಅಲ್ಲಿಗೆ ಕರೆಯುತ್ತಾರೆ, ಹಿಡಿಸದಿದ್ದರೆ ಇವರು ಅರಿಸಿನದ ಧೂಳಿನಲ್ಲೇ ಇರಬೇಕು. ಮಂಜ ಬುದ್ಧಿವಂತ. "ಆ ಸೈಲೆನ್ಸ್ ತೆಗ್ದಾಕ್ಬುಡನ ಕಣೆ, ನಮ್ಮ ಜನುಕ್ಕೆ ಅದು ಆಗಿಬರಾಕಿಲ್ಲ" ಎಂದ. "ಅದ್ನ ತೆಗುದ್ರೆ ನನ್ನೂ ತೆಗ್ದುಬುಡು" ಎಂದಳು ಇವಳು. ಆಮೇಲೆ ನಾಲ್ವರೂ ತಿರುಗಿ ಜಗಲಿಯ ಮೇಲಿದ್ದ ನನ್ನನ್ನು ನೋಡಿದರು.

"ಅಜ್ಜಿ, ನೀನು ಗದರುದ್ರೆ ಮದ್ವೆ ಮನೇಲಿ ಓಲಗದವ್ರೇ ನಿಲ್ಲುಸ್ಬುಡ್ತಾರೆ" ಎಂದಳು ಪವಿತ್ರ.

"ಅಷ್ಟೇ ತಾನೆ? ಬುಡು, ಒಂದು ಸೊಳ್ಳೆ ಕೂಡ ಗುಂಯ್ ಅನ್ನಾಕಿಲ್ಲ" ಎಂದೆ.

ಆ ಭಾನುವಾರ ಎಲ್ಲರಿಗಿಂತ ಮೊದಲು ಮಂಟಪದ ಬಾಗಿಲಲ್ಲಿ ಇದ್ದವಳು ನಾನು. ಮೊದಲ ಅಡ್ಡಿ ಮಂಟಪದ ಮ್ಯಾನೇಜರು ಸಿದ್ದಪ್ಪ. ನಮ್ಮ ಜಿಲ್ಲೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಇಲ್ಲದೆ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಅದೂ ನಡುವೆ ನಿಲ್ಲಿಸಿಯೇ ಮಾಡಬೇಕು, ಯಾಕೆಂದರೆ ಸನ್ಮಾನ ಮಾಡಿಸಿಕೊಳ್ಳುವವರು ಯಾವತ್ತೂ ತಡವಾಗಿ ಬರುತ್ತಾರೆ.

"ಮಧ್ಯದಲ್ಲಿ ಎಲ್ಡು ನಿಮ್ಸ ಅವ್ವಾರೆ. ಸಾಯೇಬ್ರು ಬತ್ತಾರೆ, ಶಾಲು ಹೊದಿಸ್ಬುಟ್ಟು ಕಳುಸ್ತೀವಿ" ಎಂದ ಸಿದ್ದಪ್ಪ.

"ಮಧ್ಯದಲ್ಲಿ ಬಂದ್ರೆ ಆ ಶಾಲ್ನ ನಿಂಗೇ ಮುಸುಕು ಆಕ್ತೀನಿ. ಚಳಿ ಆಗೋರಿಗೆ ಮೊದ್ಲೇ ಹೊದಿಸು."

ಸಿದ್ದಪ್ಪ ನನ್ನ ಮುಖ ನೋಡಿದ. ಅವನ ಮದುವೆಗೆ ಸೋಬಾನೆ ಹಾಡಿದವಳು ನಾನೇ ಎಂಬುದು ನೆನಪಾಗಿರಬೇಕು, ಶಾಲು ಮಡಚಿಟ್ಟ. ಆಮೇಲೆ ಒಬ್ಬೊಬ್ಬರನ್ನೇ ಹಿಡಿದೆ. ಚುರುಮುರಿ ಪೊಟ್ಟಣ ಪರಪರ ಎನ್ನಿಸುತ್ತಿದ್ದವರಿಗೆ ಹೊರಗೆ ನಿಂತು ತಿಂದು ಬರಲು ಹೇಳಿದೆ. ಫೋನು ಬಂದ್ ಮಾಡಿಸಿದೆ. ಬಂದ್ ಮಾಡಿದ್ದೇನೆಂದು ಸುಳ್ಳು ಹೇಳಿದ ಒಬ್ಬನ ಜೇಬಿಗೆ ಕೈ ಹಾಕಿ ನಾನೇ ಗುಂಡಿ ಒತ್ತಿದೆ. ಅಳುವ ಕೂಸಿನ ತಾಯಿಗೆ ಬಾಗಿಲ ಪಕ್ಕದ ಕುರ್ಚಿ ಕೊಟ್ಟೆ. ಕಿರುಗುಟ್ಟುವ ಕುರ್ಚಿಗಳಿಂದ ದಪ್ಪ ಗಂಡಸರನ್ನು ಎಬ್ಬಿಸಿ ತೆಳ್ಳನೆಯವರನ್ನು ಕೂರಿಸಿದೆ. ಇಷ್ಟಾದರೂ ಮೂಲೆಯಿಂದ ಒಂದು ಕೆಮ್ಮು ಬಂತು. ಕೆಮ್ಮನ್ನು ಗದರಿಸಿ ನಿಲ್ಲಿಸಲು ಆಗುವುದಿಲ್ಲ ಎಂದು ನನಗೆ ಗೊತ್ತು. ವೇದಿಕೆಯ ಮುಂದೆ ನಿಂತು ಹೇಳಿದೆ: "ನೋಡ್ರಪ್ಪ, ನೋಡ್ರವ್ವ. ನಡುವೆ ನಮ್ಮುಡುಗ್ರು ಒಂದು ಕಡೆ ಗಪ್ಪನೆ ನಿಂತ್ಕತಾರೆ. ಅದು ಮುಗುದಿದ್ದಲ್ಲ, ಕರೆಂಟ್ ಓದುದ್ದೂ ಅಲ್ಲ. ಆಗ ಯಾರೂ ಕಮಕ್ ಕಿಮಕ್ ಅನ್ನಂಗಿಲ್ಲ. ಕೆಮ್ಮೋರು ಈಗ್ಲೇ ಕೆಮ್ಬುಡಿ."

ಇಡೀ ಮಂಟಪ ಕೆಮ್ಮಿತು. ಕೆಮ್ಮು ಇಲ್ಲದವರೂ ನನ್ನ ಮೇಲಿನ ಮರ್ಯಾದೆಗೆ ಕೆಮ್ಮಿದರು. ಮೈಸೂರಿನಿಂದ ಬಂದ, ಕನ್ನಡಕದ ಮಹಾಶಯರೂ ಕರವಸ್ತ್ರ ತೆಗೆದು ಸಣ್ಣಗೆ ಕೆಮ್ಮಿದ್ದನ್ನು ನಾನು ಕಂಡೆ.

ಶುರುವಾಯಿತು. ಧೂಳಿಲ್ಲದ ಜಾಗದಲ್ಲಿ ಕೇಳಿದರೆ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಕುಂಟೆಮ್ಮೆ ಎಂದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಎಮ್ಮೆ ಈಗ ಬೆಟ್ಟ ಹತ್ತುತ್ತಿತ್ತು. ಪವಿತ್ರಳ ಕೈ ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟು ಜೋರು. ಹಳ್ಳಿಯ ಹೆಂಗಸರೂ ಕಾಲೇಜಿನ ಹುಡುಗರೂ ಒಂದೇ ಸಮ ತಲೆ ಆಡಿಸುತ್ತಿದ್ದರು. ಸದ್ದು ಏರಿ ಏರಿ, ಮಂಟಪದ ತಗಡು ನಡುಗಿ, ಗಕ್ಕನೆ ನಿಂತಿತು.

ನನ್ನ ಕಾವಲು ಅಂದರೆ ಕಾವಲು. ಯಾರೂ ಉಸಿರೆತ್ತಲಿಲ್ಲ. ಕೂಸು ಕೂಡ ಬೆರಳು ಚೀಪುವುದನ್ನು ನಿಲ್ಲಿಸಿತು.

ಆಗ ನಡೆದದ್ದು ನಿಮಗೆ ತಿಳಿಯಬೇಕಾದರೆ ಸೋಬಾನೆಯ ಕಟ್ಟಳೆ ಗೊತ್ತಿರಬೇಕು. ಮುಂದೆ ಹಾಡುವವಳು ಸಾಲು ಮುಗಿಸಿ ಉಸಿರು ಎಳೆದುಕೊಳ್ಳುವಾಗ ಹಿಂದಿನವರು ಸೊಲ್ಲು ಎತ್ತಬೇಕು. ಹಸೆಮಣೆಯ ಮೇಲೆ ಹೆಣ್ಣು ಗಂಡು ಕೂತಿರುವಾಗ ಹಾಡು ನೆಲಕ್ಕೆ ಬೀಳಬಾರದು, ಬಿದ್ದರೆ ಆ ಮನೆಗೆ ಒಳ್ಳೆಯದಲ್ಲ. ಲಂಗ ಉಡುತ್ತಿದ್ದ ದಿನದಿಂದ ನನ್ನ ಗಂಟಲಿಗೆ ಆಗಿರುವ ಅಭ್ಯಾಸ ಅದು. ಅದಕ್ಕೆ ನನ್ನ ಅಪ್ಪಣೆ ಬೇಕಾಗಿಲ್ಲ. ಎದುರಿಗೆ ಮಗು ಬೆವರಿಳಿಸಿಕೊಂಡು ಕೂತಿದೆ, ಹಾಡು ಬಿದ್ದಿದೆ, ಎತ್ತುವವರಿಲ್ಲ. ನನ್ನ ಬಾಯಿಂದ ಸೊಲ್ಲು ಹೊರಟಿತು. ಸಣ್ಣಗಲ್ಲ. ಮೈಕಿಲ್ಲದೆ ಮೂರು ಬೀದಿಗೆ ಕೇಳುವ ಗಂಟಲು ನನ್ನದು.

ಇನ್ನೂ ಒಂದು ಮಾತು. ನಾನು ಎತ್ತಿದ ಮೇಲೆ ಸುಮ್ಮನಿರಲು ನಮ್ಮ ಹೆಂಗಸರಿಗೆ ಸಾಧ್ಯವೇ? ಹಿಂದಿನ ಸಾಲಿನಲ್ಲಿದ್ದವರೆಲ್ಲ ಜೊತೆಗೂಡಿದರು.

ಮಂಜ ಬಾಯಿ ತೆರೆದು ನೋಡುತ್ತಿದ್ದ. ಕೀಬೋರ್ಡಿನ ಹುಡುಗ ಎರಡೂ ಕೈ ಎತ್ತಿ ಹಿಡಿದಿದ್ದ. ಪವಿತ್ರ ಒಬ್ಬಳೇ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಎಣಿಸುತ್ತಲೇ ಇದ್ದು, ತನ್ನ ಜಾಗಕ್ಕೆ ಸರಿಯಾಗಿ ಒಬ್ಬಂಟಿಯಾಗಿ ಬಂದು ಹೊಡೆದಳು. ಉಳಿದವರು ಓಡುವ ಬಸ್ಸಿಗೆ ಹತ್ತುವವರಂತೆ ಹಿಂದೆಯೇ ಹತ್ತಿಕೊಂಡರು. ಆಲ್ಬಮ್ಮು ಕೊನೆಮುಟ್ಟಿತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ವೇದಿಕೆ ಇಳಿದು ನೇರ ನನ್ನ ಹತ್ತಿರ ಬಂದಳು.

"ಊರೋರ್ ಬಾಯೆಲ್ಲ ಮುಚ್ಚಿಸ್ದೆ. ನಿನ್ ಬಾಯಿ ಯಾಕಜ್ಜಿ ಮುಚ್ಕಳ್ಳಿಲ್ಲ?"

"ನೀವು ಆಡ್ನ ಕೆಳಗಾಕುದ್ರಿ, ನಾನು ಎತ್ಕಂಡೆ" ಎಂದೆ. ಸುಳ್ಳೇನಿತ್ತು?

ಅಷ್ಟರಲ್ಲಿ ಮೈಸೂರಿನ ಮಹಾಶಯರು ಬಂದರು. "ಆ ಮೌನದಲ್ಲಿ ಅಜ್ಜಿಯವರಿಂದ ಜಾನಪದ ತಂದಿರಲ್ಲ, ಅದ್ಭುತ! ಮೈಸೂರಿನಲ್ಲೂ ಅದು ಹಾಗೇ ಇರಲಿ" ಎಂದರು. ಅವರು ತಿಳಿದವರು ಎಂದು ನನಗೆ ಆ ಕ್ಷಣವೇ ಅನಿಸಿತು. ಯಾವ ಸೀರೆ ಉಡುವುದು ಎಂದೂ ಯೋಚಿಸಿಬಿಟ್ಟೆ. ಪವಿತ್ರ ಮಾತ್ರ, "ಅದು ತಪ್ಪಾಗಿದ್ದು ಸರ್. ಅಲ್ಲಿ ಯಾರೂ ಹಾಡಲ್ಲ. ಏನೂ ಇರಲ್ಲ. ಹಾಡೇ ಬೇಕು ಅಂದ್ರೆ ನಮ್ಮನ್ನ ಕರೀಬೇಡಿ" ಎಂದಳು. ಮಂಜ ಅವಳ ಕಾಲು ತುಳಿದ. ಅವಳು ಕಾಲು ಎಳೆದುಕೊಂಡಳೇ ಹೊರತು ಮಾತನ್ನು ಹಿಂದಕ್ಕೆ ಎಳೆಯಲಿಲ್ಲ. ನನಗೆ ಸಿಟ್ಟು ಬಂತು. ಜೊತೆಗೆ, ಇದು ನಮ್ಮ ಮನೆಯದೇ ನಾಲಿಗೆ ಎಂದು ಗುರುತೂ ಸಿಕ್ಕಿತು. ದೊಡ್ಡವರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದನ್ನು ಅವಳಿಗೆ ಕಂಪ್ಯೂಟರ್ ಕಲಿಸಿರಲಿಕ್ಕಿಲ್ಲ. ಮಹಾಶಯರು ಕನ್ನಡಕ ಒರೆಸಿಕೊಂಡು ಹೋದರು. ಕೆಲವು ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಕರೆ ಬಂತು: ಮೌನದ ಸಮೇತ ಬನ್ನಿ.

ಮೈಸೂರಿಗೆ ನನ್ನನ್ನು ಬಿಟ್ಟು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಪಕ್ಕಕ್ಕೆ ಸೊಸೆ, ಪವಿತ್ರಳ ತಾಯಿ, ಕೂತಳು. ಮೂವತ್ತು ವರ್ಷದಿಂದ ನನಗೆ ಎದುರಾಡದ ಸೊಸೆ. ಅರ್ಧ ಆಲ್ಬಮ್ಮು ಹೋಗಿತ್ತು, ಸದ್ದು ಏರತೊಡಗಿತ್ತು. ಅವಳು ಸೆರಗಿನ ಗಂಟು ಬಿಚ್ಚಿ, ಮಡಚಿದ ಎಲೆ ಅಡಿಕೆ ತೆಗೆದು, "ತಕಳಿ ಅತ್ತೆ" ಎಂದು ಪ್ರೀತಿಯಿಂದ ನನ್ನ ಬಾಯಿಗೇ ಇಟ್ಟಳು. ಇಷ್ಟು ದೊಡ್ಡ ಉಂಡೆಯನ್ನು ಅವಳು ಯಾವತ್ತೂ ಮಡಚಿದವಳಲ್ಲ. ಕೆನ್ನೆ ಎರಡೂ ತುಂಬಿದವು. ಅದೇ ಹೊತ್ತಿಗೆ ಸದ್ದು ಗಕ್ಕನೆ ನಿಂತಿತು.

ಸೊಲ್ಲು ಗಂಟಲವರೆಗೆ ಬಂದು ಎಲೆಗೆ ತಗುಲಿ ಕೂತುಬಿಟ್ಟಿತು. ನಾಲ್ವರೂ ಒಂದೇ ಏಟಿಗೆ ಬಂದು ಬಿದ್ದರು. ಸಭಾಂಗಣ ಎದ್ದು ನಿಂತಿತು. ಪವಿತ್ರ ಅಷ್ಟು ಅಗಲ ನಗುವುದನ್ನು ನಾನು ಕಂಡಿರಲಿಲ್ಲ. ಆ ಮೌನ ಹೇಗಿತ್ತು ಎಂದು ಈಗ ಊರಿನವರೆಲ್ಲ ನನ್ನನ್ನು ಕೇಳುತ್ತಾರೆ. ಬಹಳ ದೊಡ್ಡ ವಿಷಯ ಎಂದು ಹೇಳುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ನನ್ನ ಗಮನವೆಲ್ಲ ಬಾಯಿಯ ರಸದ ಮೇಲಿತ್ತು. ಉಗುಳಲು ಜಾಗವೇ ಇಲ್ಲದಂತೆ ಕಟ್ಟಿದ್ದಾರೆ ಆ ಸಭಾಂಗಣವನ್ನು. ಮುಗಿದ ಮೇಲೆ ಕನ್ನಡಕದ ಮಹಾಶಯರು ಹುಡುಕಿಕೊಂಡು ಬಂದು, "ಅಮ್ಮಾ, ನಿಮಗೆ ಏನನಿಸಿತು, ನಾಲ್ಕು ಮಾತು ಹೇಳಿ" ಎಂದು ನನ್ನ ಮುಂದೆ ಮೈಕು ಹಿಡಿದರು. ಜೀವಮಾನದಲ್ಲಿ ಮೊದಲ ಸಲ ಒಬ್ಬರು ತಾವಾಗಿಯೇ ನನ್ನನ್ನು ಮಾತಾಡು ಎಂದು ಕೇಳಿದ್ದರು. ನಾನು ತುಟಿ ಬಿಗಿಹಿಡಿದು ಕೈ ಮುಗಿದೆ. ಎಷ್ಟು ವಿನಯ ನೋಡಿ ಎಂದು ಅವರು ಎಲ್ಲರಿಗೂ ಹೇಳಿದರು.